ಬೇಡ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ

2008ರಲ್ಲಿ ಕೇರಳದ ಏಳನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಒಂದು ಪುಟ್ಟ ಪಾಠ ಬಂತು. ಅಪ್ಪ ಅಮ್ಮ ಮಗನನ್ನು ಶಾಲೆಗೆ ಸೇರಿಸಲು ಕರೆತಂದಿದ್ದಾರೆ. ಮುಖ್ಯೋಪಾಧ್ಯಾಯರು ಅರ್ಜಿ ತುಂಬುತ್ತಿದ್ದಾರೆ. ಹುಡುಗನ ಹೆಸರು ಜೀವನ್. ತಂದೆ ಅನ್ವರ್ ರಶೀದ್, ತಾಯಿ ಲಕ್ಷ್ಮೀದೇವಿ. ಈ ಎರಡು ಹೆಸರು ಕಿವಿಗೆ ಬಿದ್ದದ್ದೇ ಮೇಷ್ಟ್ರು ತಲೆಯೆತ್ತಿ ದಂಪತಿಯನ್ನು ನೋಡುತ್ತಾರೆ. ಧರ್ಮ ಎಂಬಲ್ಲಿ ಏನು ಬರೆಯಲಿ ಎಂದು ಕೇಳುತ್ತಾರೆ. ಇಲ್ಲವೆಂದು ಬರೆಯಿರಿ ಎಂಬ ಉತ್ತರ ಬರುತ್ತದೆ. ಜಾತಿ? ಅದಕ್ಕೂ ಅದೇ ಉತ್ತರ. ಮೇಷ್ಟ್ರು ಕುರ್ಚಿಗೆ ಒರಗಿ, ದೊಡ್ಡವನಾದ ಮೇಲೆ ಇವನಿಗೊಂದು ಧರ್ಮ ಬೇಕೆನಿಸಿದರೆ ಏನು ಮಾಡುತ್ತೀರಿ ಎಂದು ಸ್ವಲ್ಪ ಗಂಭೀರವಾಗಿಯೇ ಕೇಳುತ್ತಾರೆ. ಆಗ ಅವನಿಗೆ ಇಷ್ಟವಾದದ್ದನ್ನು ಅವನೇ ಆರಿಸಿಕೊಳ್ಳಲಿ ಎನ್ನುತ್ತಾರೆ ಹೆತ್ತವರು. ಪಾಠ ಇಷ್ಟೇ.

ಅದರ ಹೆಸರು ‘ಮತಮಿಲ್ಲಾತ್ತ ಜೀವನ್’. ಮಲಯಾಳಂನಲ್ಲಿ ‘ಮತಂ’ ಎಂದರೆ ನಾವು ಧರ್ಮ ಎನ್ನುವುದು, ಹಿಂದೂ ಮುಸ್ಲಿಂ ಕ್ರೈಸ್ತ ಎಂಬ ಅರ್ಥದಲ್ಲಿ. ‘ಇಲ್ಲಾತ್ತ’ ನಮ್ಮ ‘ಇಲ್ಲದ’. ‘ಜೀವನ್’ ಹುಡುಗನ ಹೆಸರೂ ಹೌದು, ಜೀವ, ಪ್ರಾಣ ಎಂಬ ಅರ್ಥದ ಪದವೂ ಹೌದು. ಹಾಗಾಗಿ ತಲೆಬರಹವನ್ನು ಧರ್ಮವಿಲ್ಲದ ಜೀವನ್ ಎಂಬ ಹುಡುಗ ಎಂದೂ ಓದಬಹುದು, ಧರ್ಮವಿಲ್ಲದ ಜೀವ ಎಂದೂ ಓದಬಹುದು. ಪಠ್ಯ ಬರೆದವರಿಗೆ ಈ ಶ್ಲೇಷೆ ಇಷ್ಟವಾಗಿರಬೇಕು. ಅವರನ್ನು ಕಾಡಿದ್ದೂ ಅದೇ. ಒಬ್ಬ ಹುಡುಗನ ಕಥೆ ಎಂದು ಓದಿದವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಧರ್ಮವಿಲ್ಲದ ಬದುಕಿಗೆ ಸರ್ಕಾರ ಕೊಟ್ಟ ಶಿಫಾರಸು ಎಂದು ಓದಿದವರು ಬೀದಿಗಿಳಿದರು.

ಪಾಠದ ಜೊತೆಗಿದ್ದ ಒಂದು ಅಭ್ಯಾಸವೂ ಕಣ್ಣಿಗೆ ಬಿತ್ತು. ಬೆಲೆಯೇರಿಕೆ, ಕುಡಿಯುವ ನೀರಿನ ಅಭಾವ, ಅಂಟುರೋಗ, ಭೂಕಂಪ, ಇವೆಲ್ಲ ಯಾವ ಧರ್ಮದವರನ್ನು ಹೆಚ್ಚು ಬಾಧಿಸುತ್ತವೆ ಎಂದು ಮಕ್ಕಳು ಚರ್ಚಿಸಬೇಕಿತ್ತು. ಹನ್ನೆರಡು ವರ್ಷದ ಮಗುವಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆ. ಆದರೆ ಅಂಥ ಪ್ರಶ್ನೆಯೊಂದು ಸರ್ಕಾರಿ ಪುಸ್ತಕದಲ್ಲಿ ಅಚ್ಚಾಗಿ ಬರುವುದೇ ಹಲವರಿಗೆ ನುಂಗಲಾರದ ತುತ್ತಾಯಿತು.

ಪುಸ್ತಕ ತಯಾರಾದದ್ದು ತಿರುವನಂತಪುರದ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯಲ್ಲಿ. ಆಗ ವಿ.ಎಸ್. ಅಚ್ಯುತಾನಂದನ್ ಮುಖ್ಯಮಂತ್ರಿ, ಎಂ.ಎ. ಬೇಬಿ ಶಿಕ್ಷಣ ಮಂತ್ರಿ. ಕ್ಯಾಥೊಲಿಕ್ ಬಿಷಪರು, ಮುಸ್ಲಿಂ ಸಂಘಟನೆಗಳು, ಕಾಂಗ್ರೆಸ್, ಮುಸ್ಲಿಂ ಲೀಗ್, ಹೀಗೆ ಬೇರೆ ವೇಳೆ ಒಬ್ಬರ ಮುಖ ಒಬ್ಬರು ನೋಡದವರೂ ಈ ಒಂದು ಪುಟದ ವಿರುದ್ಧ ಒಂದೇ ಮಾತಾಡಿದರು. ಎಡಪಕ್ಷದ ಸರ್ಕಾರ ಮಕ್ಕಳಿಗೆ ನಾಸ್ತಿಕತೆ ಕಲಿಸುತ್ತಿದೆ ಎಂಬುದು ಆರೋಪ. ಸ್ವಾತಂತ್ರ್ಯ ಹೋರಾಟದ ಭಾಗದಲ್ಲಿ ಭೂಹೋರಾಟಗಳಿಗೆ, ಅಂದರೆ ಕಮ್ಯುನಿಸ್ಟರ ಕಥೆಗೆ, ಜಾಗ ಹೆಚ್ಚಾಯಿತು ಎಂಬ ದೂರೂ ಇತ್ತು. ಅದು ಬೇರೆ ಜಗಳ, ಇಲ್ಲಿಗೆ ಬೇಡ. ಮಳೆಗಾಲದ ಆ ವಾರಗಳಲ್ಲಿ ತಿರುವನಂತಪುರದಲ್ಲಿ ಲಾಠಿ ಪ್ರಹಾರ, ಜಲಫಿರಂಗಿ ಮಾಮೂಲಾದವು. ಮಲಪ್ಪುರಂನಲ್ಲಿ ಪುಸ್ತಕಗಳಿಗೆ ಬೆಂಕಿ ಹಚ್ಚಿದರು. ಜುಲೈ 19ರಂದು ಅದೇ ಜಿಲ್ಲೆಯ ಕಿಳಿಶ್ಶೇರಿಯಲ್ಲಿ ಶಿಕ್ಷಕರ ತರಬೇತಿ ಸಭೆಯ ಬಳಿ ನಡೆದ ಪ್ರತಿಭಟನೆ ಹಲ್ಲೆಗೆ ತಿರುಗಿ, ಜೇಮ್ಸ್ ಆಗಸ್ಟಿನ್ ಎಂಬ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು ಸತ್ತರು. ಪಾಠದೊಳಗಿನ ಮುಖ್ಯೋಪಾಧ್ಯಾಯರಿಗೆ ಹೆಸರಿರಲಿಲ್ಲ.

ಸರ್ಕಾರ ಇತಿಹಾಸಕಾರ ಕೆ.ಎನ್. ಪಣಿಕ್ಕರ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಪುಸ್ತಕ ಉಳಿಯಲಿ, ತಲೆಬರಹ ಬದಲಾಗಲಿ, ಕೆಲವು ಭಾಗ ತಿದ್ದುಪಡಿಯಾಗಲಿ ಎಂದಿತು ಸಮಿತಿ. ಸರ್ಕಾರ ಒಪ್ಪಿತು. ‘ಇಲ್ಲಾತ್ತ’ ಎಂಬ ಪದ ತಲೆಬರಹದಿಂದ ಹೋಯಿತು.

ಆ ವರ್ಷದ ವಾದವಿವಾದಗಳನ್ನು ಈಗ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಳೆಯ ಮನಸ್ಸಿನಲ್ಲಿ ಸಂಶಯ ಬಿತ್ತಬಾರದು ಎಂದವರೂ, ಪ್ರಶ್ನಿಸುವುದನ್ನು ಕಲಿಸಬೇಕು ಎಂದವರೂ ಜೀವನ್‌ನನ್ನು ಪ್ರಶ್ನೆ ಕೇಳುವ ಹುಡುಗನೆಂದೇ ಭಾವಿಸಿದ್ದರು. ಪಾಠದಲ್ಲಿ ಅವನು ಏನನ್ನೂ ಪ್ರಶ್ನಿಸುವುದಿಲ್ಲ. ಕೇಳಿದ್ದಕ್ಕೆ ಹೆಸರು ಹೇಳಿ ಸುಮ್ಮನಾಗುತ್ತಾನೆ. ಧರ್ಮದ ಪ್ರಶ್ನೆ ಅವನ ತಲೆಯ ಮೇಲಿಂದ ಹಾದು ಹೆತ್ತವರಿಗೆ ಹೋಗುತ್ತದೆ. ಬೇರೆ ಮನೆಗಳಲ್ಲಿ ಅಪ್ಪ ಅಮ್ಮ ಹಿಂದೂ ಎಂದೋ ಕ್ರೈಸ್ತ ಎಂದೋ ಬರೆಸುವಂತೆ ಈ ಮನೆಯವರು ‘ಇಲ್ಲ’ ಎಂದು ಬರೆಸಿದರು.

ಕೇರಳದಲ್ಲಿ ಯುವಕನೊಬ್ಬ ತಾನಾಗಿಯೇ ಈ ಮಾತಾಡಿದ ಪ್ರಸಂಗ ಬೇರೆಯೇ ಇದೆ. ಅವನು ‘ಇಲ್ಲ’ ಅನ್ನಲಿಲ್ಲ, ‘ವೇಂಡ’ ಅಂದ.

ಕೊಚ್ಚಿಯ ಬಂದರಿನ ಉತ್ತರಕ್ಕೆ ವೈಪಿನ್ ಎಂಬ ಉದ್ದನೆಯ ದ್ವೀಪವಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು. ಅಲ್ಲಿನ ಚೆರಾಯಿಯಲ್ಲಿ 1889ರ ಆಗಸ್ಟ್ 21ರಂದು ಈಳವ ಜಾತಿಯ ವೈದ್ಯರ ಮನೆಯಲ್ಲಿ ಅಯ್ಯಪ್ಪನ್ ಹುಟ್ಟಿದರು. ಈಳವರೆಂದರೆ ನಮ್ಮ ಕರಾವಳಿಯ ಬಿಲ್ಲವರಿಗೆ ಹತ್ತಿರದ ಸಮುದಾಯ. ಸವರ್ಣರ ಕಣ್ಣಿಗೆ ಅಸ್ಪೃಶ್ಯರು. ಆದರೆ ಅವರ ಕೆಳಗೂ ಮೆಟ್ಟಿಲುಗಳಿದ್ದವು. ಗದ್ದೆಯಲ್ಲಿ ದುಡಿಯುವ ಪುಲಯರನ್ನು ಈಳವರೂ ಅಂಗಳದಿಂದಾಚೆಗೇ ನಿಲ್ಲಿಸುತ್ತಿದ್ದರು.

ಅಯ್ಯಪ್ಪನ್ ಬಿ.ಎ. ಓದಿದ್ದು ತಿರುವನಂತಪುರದ ಮಹಾರಾಜಾಸ್ ಕಾಲೇಜಿನಲ್ಲಿ. ಅದೇ ದಶಕದಲ್ಲಿ ಆ ನಗರದ ಹೊರವಲಯದ ಊರುಟ್ಟಂಬಲಂನಲ್ಲಿ ಒಂದು ಶಾಲೆ ಬೂದಿಯಾಯಿತು. ಪುಲಯರ ನಾಯಕ ಅಯ್ಯಂಕಾಳಿ 1914ರಲ್ಲಿ ಪಂಚಮಿ ಎಂಬ ಹುಡುಗಿಯನ್ನು ಕೈಹಿಡಿದು ಆ ಶಾಲೆಗೆ ಕರೆದೊಯ್ದಿದ್ದರು. ಪುಲಯರ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ತಿರುವಾಂಕೂರು ಸರ್ಕಾರದ ಆದೇಶವೇ ಇತ್ತು. ಆದೇಶ ಕಾಗದದಲ್ಲಿತ್ತು, ಬೆಂಚು ಮಾತ್ರ ಮೇಲ್ಜಾತಿಯವರದ್ದಾಗಿತ್ತು. ಪಂಚಮಿ ಕೂತ ಶಾಲೆಗೆ ಬೆಂಕಿ ಬಿತ್ತು. ಶಾಲೆ ಏನು ಕಲಿಸುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಇನ್ನೂ ಹೊತ್ತು ಬಂದಿರಲಿಲ್ಲ. ಯಾರಿಗೆ ಕಲಿಸುತ್ತದೆ ಎಂಬುದೇ ಮೊದಲ ಪ್ರಶ್ನೆಯಾಗಿತ್ತು.

ಅಯ್ಯಪ್ಪನ್ ಓದಿ ಬೆಳೆದದ್ದು ನಾರಾಯಣ ಗುರುಗಳ ನೆರಳಲ್ಲಿ. ಕನ್ನಡಿಗರಿಗೆ ಗುರುಗಳು 1912ರಲ್ಲಿ ಪ್ರತಿಷ್ಠೆಯಾದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥನ ಮೂಲಕ ಪರಿಚಿತರು. ಮನುಷ್ಯರಿಗೆಲ್ಲ ಜಾತಿಯೂ ಒಂದೇ, ಮತವೂ ಒಂದೇ, ದೇವರೂ ಒಂದೇ ಎಂಬ ಅವರ ಉಪದೇಶ ಕರಾವಳಿಯ ಮಂದಿರಗಳ ಗೋಡೆಗಳ ಮೇಲೆ ಈಗಲೂ ಕಾಣುತ್ತದೆ. ಮುಂದೆ 1916ರಲ್ಲಿ ಗುರುಗಳು ಇನ್ನೊಂದು ಹೆಜ್ಜೆ ಇಟ್ಟರು. ತಮಗೆ ಜಾತಿಯಿಲ್ಲ, ಯಾವ ಜಾತಿಗೂ ಯಾವ ಮತಕ್ಕೂ ತಾವು ಸೇರಿದವರಲ್ಲ ಎಂದು ಬರಹದಲ್ಲೇ ಸಾರಿದರು. ಅವರನ್ನು ಈಳವರ ದೇವರನ್ನಾಗಿ ಮಾಡಹೊರಟವರಿಗೆ ಅದು ಉತ್ತರವಾಗಿತ್ತು. ಅದನ್ನು ಓದಿಯೂ ಅವರನ್ನು ಈಳವರ ದೇವರನ್ನಾಗಿ ಮಾಡಿದರು, ಆ ಮಾತು ಬೇರೆ.

ಮರುವರ್ಷ, 1917ರ ಮೇ 29ರಂದು, ಇಪ್ಪತ್ತೇಳರ ಅಯ್ಯಪ್ಪನ್ ಚೆರಾಯಿಯ ಒಂದು ಮನೆಯಂಗಳದಲ್ಲಿ ಗೆಳೆಯರನ್ನು ಸೇರಿಸಿದರು. ಜಾತಿ ಹೋಗಬೇಕು ಎಂದು ಭಾಷಣವಾಯಿತು. ಆಮೇಲೆ ಎಲೆ ಹಾಕಿದರು. ಊಟಕ್ಕಿದ್ದದ್ದು ಅನ್ನ, ಹಲಸಿನ ಬೀಜ ಮತ್ತು ಕಡಲೆಯ ಪಲ್ಯ. ಈಳವ ಯುವಕರ ಪಂಕ್ತಿಯಲ್ಲಿ ಪುಲಯ ಹುಡುಗರೂ ಕೂತು ಉಂಡರು. ಕೇರಳದ ಚರಿತ್ರೆ ಇದನ್ನು ‘ಮಿಶ್ರಭೋಜನಂ’ ಎಂದು ನೆನಪಿಟ್ಟುಕೊಂಡಿದೆ.

ಹಲಸಿನ ಬೀಜದ ಪಲ್ಯ ಬಡವರ ಮಳೆಗಾಲದ ಅಡುಗೆ. ಅದನ್ನು ಯಾರ ಪಕ್ಕ ಕೂತು ತಿಂದರು ಎಂಬುದಕ್ಕೆ ಊರು ತಿರುಗಿಬಿತ್ತು. ಚೆರಾಯಿಯ ಈಳವರ ಸಂಘವಾದ ವಿಜ್ಞಾನವರ್ಧಿನಿ ಸಭೆ ಊಟದಲ್ಲಿ ಪಾಲ್ಗೊಂಡವರಿಗೆ ಬಹಿಷ್ಕಾರ ಹಾಕಿತು. ಹೆಸರು ನೋಡಿ: ವಿಜ್ಞಾನ, ಅದನ್ನು ವರ್ಧಿಸುವ ಸಭೆ! ಅಯ್ಯಪ್ಪನ್‌ಗೆ ‘ಪುಲಯನ್ ಅಯ್ಯಪ್ಪನ್’ ಎಂದು ಅಡ್ಡಹೆಸರಿಟ್ಟರು. ಬೈಗುಳವಾಗಿ ಇಟ್ಟದ್ದನ್ನು ಅವರು ಬಿರುದಾಗಿ ತೆಗೆದುಕೊಂಡರು. ಅವರೇ ಕಟ್ಟಿದ ಸಹೋದರ ಸಂಘ, ಅದೇ ವರ್ಷ ಹೊರತಂದ ‘ಸಹೋದರನ್’ ಪತ್ರಿಕೆ, ಇವುಗಳಿಂದ ಮುಂದೆ ಅವರು ಸಹೋದರನ್ ಅಯ್ಯಪ್ಪನ್ ಎಂದೇ ಪ್ರಸಿದ್ಧರಾದರು.

ಬಹಿಷ್ಕಾರ ಹಾಕಿದವರೆಲ್ಲ ಗುರುಭಕ್ತರೇ. ಗುರುಗಳ ಉಪದೇಶಕ್ಕೆ ಅಯ್ಯಪ್ಪನ್ ಅಪಚಾರ ಮಾಡಿದರು ಎಂಬ ಪ್ರಚಾರ ನಡೆಯಿತು. ಅದಕ್ಕೆ ಉತ್ತರ ಗುರುಗಳಿಂದಲೇ ಬಂತು. 1921ರಲ್ಲಿ ಅವರು ಕೈಯಾರೆ ಬರೆದುಕೊಟ್ಟ ಒಂದು ಸಂದೇಶದಲ್ಲಿ, ಮನುಷ್ಯರ ಮತ, ವೇಷ, ಭಾಷೆ ಯಾವುದೇ ಇರಲಿ, ಜಾತಿ ಒಂದೇ ಆದ್ದರಿಂದ ಒಟ್ಟಿಗೆ ಉಣ್ಣುವುದರಲ್ಲಾಗಲಿ ಮದುವೆಯಾಗುವುದರಲ್ಲಾಗಲಿ ದೋಷವೇನೂ ಇಲ್ಲ ಎಂಬ ಮಾತಿತ್ತು. ಅಯ್ಯಪ್ಪನ್ ಬಳಗ ಅದನ್ನು ಹಂಚಿತು. ಗುರುಗಳ ಕೈಬರಹದ ಎದುರು ಊರಿನ ಹಿರಿಯರ ಬಾಯಿ ಕಟ್ಟಿತು.

ಅಯ್ಯಪ್ಪನ್ ಅಷ್ಟಕ್ಕೇ ನಿಲ್ಲಲಿಲ್ಲ. ಗುರುಗಳ ಉಪದೇಶದಲ್ಲಿ ‘ಒಂದು’ ಎಂದಿದ್ದ ಕಡೆಯಲ್ಲೆಲ್ಲ ‘ವೇಂಡ’ ಎಂದು ಹಾಕಿದರು. ಮನುಷ್ಯನಿಗೆ ಜಾತಿ ಬೇಡ, ಮತ ಬೇಡ, ದೇವರೂ ಬೇಡ. ಗುರುವಿನ ವಾಕ್ಯದ ಲಯವನ್ನೇ ಇಟ್ಟುಕೊಂಡು ಅದರ ಜೀವಪದವನ್ನು ಶಿಷ್ಯ ಬದಲಿಸಿದ. ಗುರು ಶಿಷ್ಯನನ್ನು ಹೊರಹಾಕಲಿಲ್ಲ. ಇಬ್ಬರ ನಡುವಿನ ಸಂಬಂಧ 1928ರಲ್ಲಿ ಗುರುಗಳು ತೀರಿಕೊಳ್ಳುವವರೆಗೂ ಕೆಡಲಿಲ್ಲ. ಬೇರೆಡೆ ಇಂಥದ್ದು ಅಪರೂಪ.

‘ವೇಂಡ’ ಕನ್ನಡಕ್ಕೆ ಪರಕೀಯ ಪದವಲ್ಲ. ತಮಿಳು ಮಲಯಾಳಂನಲ್ಲಿ ಪದದ ಮೊದಲಿಗೆ ಬರುವ ವಕಾರ ಕನ್ನಡದಲ್ಲಿ ಬಕಾರವಾಗುತ್ತದೆ: ಅಲ್ಲಿ ವಿಲ್, ಇಲ್ಲಿ ಬಿಲ್ಲು. ಹಾಗೆ ‘ವೇಂಡ’ ನಮ್ಮ ‘ಬೇಡ’, ‘ವೇಣಂ’ ನಮ್ಮ ‘ಬೇಕು’. ಬೇಡುವುದು, ಅಂದರೆ ಕೇಳಿಕೊಳ್ಳುವುದು, ಇದೇ ಬೇರಿನದು. ಹಾಗಾಗಿ ‘ಬೇಡ’ ಎನ್ನಲು ಯಾರಾದರೂ ಏನನ್ನಾದರೂ ನಿಮ್ಮ ಮುಂದೆ ಚಾಚಿರಬೇಕು. ಬಡಿಸುವವನ ಸೌಟಿಗೆ ಎಲೆಯ ಮೇಲೆ ಅಡ್ಡ ಹಿಡಿದ ಕೈ ಅದು. ‘ಇಲ್ಲ’ ಎನ್ನುವುದಕ್ಕೆ ಎದುರಿಗೆ ಯಾರೂ ಬೇಕಿಲ್ಲ. ಇದ್ದದ್ದು ಇಲ್ಲದ್ದರ ಲೆಕ್ಕ ಅದು. ಗುಮಾಸ್ತ ಬರೆದುಕೊಳ್ಳಬಹುದು, ಫಾರ್ಮು ತುಂಬಬಹುದು. ‘ಬೇಡ’ ಎಂಬುದನ್ನು ಮಾತ್ರ ಆಯಾ ಮನುಷ್ಯನೇ ಹೇಳಬೇಕು.

ಅಯ್ಯಪ್ಪನ್ ಮೂರು ‘ಬೇಡ’ಗಳ ಬೆನ್ನಿಗೆ ಒಂದು ‘ಬೇಕು’ ಸೇರಿಸಿದ್ದರು. ಬೇಕಾದದ್ದು ಧರ್ಮ, ಅದೂ ಸಂದರ್ಭಕ್ಕೆ ತಕ್ಕ ಧರ್ಮ ಎಂದು. ಇದನ್ನು ಕನ್ನಡಕ್ಕೆ ತರಹೊರಟವರು ಇಲ್ಲಿ ಎಡವುತ್ತಾರೆ. ಮಲಯಾಳಂನಲ್ಲಿ ‘ಮತಂ’ ಬೇರೆ, ‘ಧರ್ಮಂ’ ಬೇರೆ. ಮೊದಲನೆಯದು ಅರ್ಜಿಯಲ್ಲಿ ಬರೆಸುವಂಥದ್ದು, ಎರಡನೆಯದು ನಡತೆ, ನ್ಯಾಯ, ಕರ್ತವ್ಯ. ಇಂದಿನ ಕನ್ನಡದಲ್ಲಿ ಅರ್ಜಿಯಲ್ಲಿ ಬರೆಸುವುದೂ ಧರ್ಮವೇ, ದಯೆ ಮೂಲವಾಗಿರಬೇಕಾದದ್ದೂ ಧರ್ಮವೇ. ‘ಮತ’ ಎಂಬ ಪದವನ್ನು ನಾವು ಹೆಚ್ಚೂಕಡಿಮೆ ಚುನಾವಣೆಗೆ ಕೊಟ್ಟುಬಿಟ್ಟಿದ್ದೇವೆ. ‘ಮತವಿಲ್ಲದ ಜೀವನ್’ ಎಂದರೆ ಬೆಂಗಳೂರಿನ ಓದುಗರಿಗೆ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋದ ಹುಡುಗ ನೆನಪಾದರೆ ಆಶ್ಚರ್ಯವಿಲ್ಲ. ಧರ್ಮ ಬೇಡ, ಧರ್ಮ ಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಬೇಕಾದ ಫಜೀತಿ ಅನುವಾದಕರದು ಮಾತ್ರವಲ್ಲ. ಧರ್ಮ ಬಿಟ್ಟವನು ನೀತಿಯನ್ನೂ ಬಿಟ್ಟ ಎಂದು ಎಷ್ಟೋ ಮನೆಗಳಲ್ಲಿ ಮಕ್ಕಳ ಬಾಯಿ ಮುಚ್ಚಿಸುವುದು ಇದೇ ಎರಡರ್ಥದ ಮೇಲೆ.

1929ರಲ್ಲಿ ಕೊಚ್ಚಿಯಲ್ಲಿ ಅಯ್ಯಪ್ಪನ್, ಎಂ.ಸಿ. ಜೋಸೆಫ್, ಸಿ. ಕೃಷ್ಣನ್, ಸಿ.ವಿ. ಕುಂಞಿರಾಮನ್ ಮೊದಲಾದವರು ‘ಯುಕ್ತಿವಾದಿ’ ಎಂಬ ಪತ್ರಿಕೆ ಆರಂಭಿಸಿದರು. ಹುಟ್ಟಿನಿಂದ ಕ್ರೈಸ್ತರಾದ ಜೋಸೆಫ್ ಮುಂದೆ ದಶಕಗಳ ಕಾಲ ಅದನ್ನು ನಡೆಸಿದರು. ಅಯ್ಯಪ್ಪನ್ ಶಾಸನಸಭೆಗೆ ಹೋದರು, ಕೊಚ್ಚಿಯಲ್ಲಿ ಮಂತ್ರಿಯೂ ಆದರು. ದೇವರು ಬೇಡ ಎಂದು ಸಾರಿದವರನ್ನು ಜನ ಆರಿಸಿ ಕಳಿಸಿದ ಊರು ಅದು. ಅದೇ ಊರು 2008ರಲ್ಲಿ ಒಂದು ಪಾಠಕ್ಕೆ ಹೊತ್ತಿ ಉರಿದದ್ದೇಕೆ?

ಒಂದು ಕಾರಣ ಶಾಲೆಗಳ ಒಡೆತನ. ಕೇರಳದಲ್ಲಿ ಸರ್ಕಾರಿ ಶಾಲೆಗಳಿಗಿಂತ ಅನುದಾನಿತ ಶಾಲೆಗಳೇ ಹೆಚ್ಚು. ಸಂಬಳ ಸರ್ಕಾರದ್ದು, ಆಡಳಿತ ಚರ್ಚಿನದು, ನಾಯರ್ ಸಂಘದ್ದು, ಈಳವರ ಯೋಗದ್ದು, ಮುಸ್ಲಿಂ ಸಂಸ್ಥೆಗಳದ್ದು. ಆ ಆಡಳಿತಕ್ಕೆ ಕಡಿವಾಣ ಹಾಕಲು 1957ರಲ್ಲಿ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ತಂದ ಮಸೂದೆಯೇ ‘ವಿಮೋಚನ ಸಮರ’ಕ್ಕೆ ಕಿಡಿಯಾಯಿತು. 1959ರ ಜುಲೈ 31ರಂದು ಇ.ಎಂ.ಎಸ್. ಸರ್ಕಾರ ವಜಾ ಆಯಿತು. ಅಂದಿನಿಂದ ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಪಠ್ಯಪುಸ್ತಕ ಮುಟ್ಟಿದರೆ ಹಳೆಯ ಗಾಯವನ್ನೇ ಮುಟ್ಟಿದಂತೆ. ಇದು ಕಮ್ಯುನಿಸ್ಟರ ನಾಡಿನ ವಿಶೇಷ ಎಂದು ಭಾವಿಸಬೇಕಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಹತ್ತನೇ ತರಗತಿಯ ಸಮಾಜ ವಿಜ್ಞಾನದಿಂದ ಇದೇ ನಾರಾಯಣ ಗುರುಗಳ ಭಾಗ ಕೈಬಿಟ್ಟದ್ದಕ್ಕೆ ಕರಾವಳಿಯಲ್ಲಿ ಪ್ರತಿಭಟನೆಗಳಾದವು. ಅಲ್ಲಿ ಪಾಠ ಬಂದದ್ದಕ್ಕೆ ಗಲಾಟೆ, ಇಲ್ಲಿ ಹೋದದ್ದಕ್ಕೆ.

ಎರಡನೆಯ ಕಾರಣ ಹೆಚ್ಚು ಸೂಕ್ಷ್ಮ, ಅದನ್ನು ವಿರೋಧಿಗಳ ಕಡೆಯಿಂದಲೂ ನೋಡಬೇಕು. ಸಹೋದರನ್ ಅಯ್ಯಪ್ಪನ್ ‘ಬೇಡ’ ಎಂದಾಗ ಅದರ ಬೆಲೆಯನ್ನು ಅವರೇ ತೆತ್ತರು. ಪಠ್ಯಪುಸ್ತಕದ ‘ಇಲ್ಲ’ ಹಾಗಲ್ಲ. ಅದನ್ನು ಓದಿ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ಸಂಜೆ ನಮಾಜು, ಜಪಮಾಲೆ, ಭಜನೆ ಮಾಡುವ ಮಗುವಿಗೆ ಪುಸ್ತಕ ಪರೋಕ್ಷವಾಗಿ ಏನು ಹೇಳುತ್ತಿದೆ ಎಂದು ಹೆತ್ತವರೊಬ್ಬರು ಅಳುಕಿದರೆ ಅದನ್ನು ಮೂಢತನ ಎಂದು ತಳ್ಳಿಹಾಕಲಾಗದು. ಹಾಗೆಂದು ಆ ಅಳುಕಿಗೆ ಪಾಠದಲ್ಲಿ ಆಧಾರವಿತ್ತೇ ಎಂದರೆ, ಇರಲಿಲ್ಲ. ಧರ್ಮ ಆರಿಸಿಕೊಳ್ಳುವ ಬಾಗಿಲನ್ನು ಜೀವನ್‌ನ ಹೆತ್ತವರು ತೆರೆದೇ ಇಟ್ಟಿದ್ದರು. ಬೀದಿಗಿಳಿದವರಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳಿಗೆ ಅಷ್ಟು ಬಾಗಿಲು ತೆರೆದಿದ್ದರೋ!

ಸಂವಿಧಾನವೂ ಎಳೆಯರ ಬಾಯಿಗೆ ನೇರವಾಗಿ ಮಾತು ಕೊಡುವುದಿಲ್ಲ. 28ನೇ ವಿಧಿ ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಅನುದಾನಿತ ಶಾಲೆಗಳಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಅಂಥ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ. ಆದರೆ ವಿದ್ಯಾರ್ಥಿ ಅಪ್ರಾಪ್ತ ವಯಸ್ಸಿನವರಾದರೆ ಒಪ್ಪಿಗೆ ಕೊಡಬೇಕಾದವರು ಪೋಷಕರು. ಹದಿನೈದರ ಹುಡುಗಿ ತನಗೆ ಪ್ರಾರ್ಥನೆ ಬೇಡ ಎಂದರೂ ಸಹಿ ಮಾಡಬೇಕಾದವರು ಅಪ್ಪನೋ ಅಮ್ಮನೋ.

ಹಾಗಿದ್ದೂ ಕೇರಳದ ಮೂವರು ಮಕ್ಕಳ ಮೌನ ಒಮ್ಮೆ ದೆಹಲಿಯ ತನಕ ಕೇಳಿಸಿತ್ತು. ಅಲ್ಲಿ ಶಾಲೆಯ ಪಾಠವನ್ನು ಒಪ್ಪದವರು ನಾಸ್ತಿಕರಲ್ಲ, ತೀರಾ ಆಸ್ತಿಕರು. ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಅಣ್ಣ ಮತ್ತು ಇಬ್ಬರು ತಂಗಿಯರು ಹತ್ತು, ಒಂಬತ್ತು, ಐದನೇ ತರಗತಿಗಳಲ್ಲಿದ್ದರು. ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರ ಹೊರತು ಬೇರೆ ಯಾವುದಕ್ಕೂ ಸ್ತುತಿ ಸಲ್ಲದು ಎಂಬುದು ಅವರ ನಂಬಿಕೆ. ವರ್ಷಗಟ್ಟಲೆ ಯಾರೂ ಆಕ್ಷೇಪಿಸಿರಲಿಲ್ಲ. 1985ರಲ್ಲಿ ಶಾಸಕರೊಬ್ಬರ ಗಮನಕ್ಕೆ ಬಂದು ತಿರುವನಂತಪುರದ ವಿಧಾನಸಭೆಯಲ್ಲಿ ಪ್ರಶ್ನೆಯಾಯಿತು. ವಿಚಾರಣೆಗೆ ನೇಮಿಸಿದ ಆಯೋಗ ಮಕ್ಕಳು ಸಭ್ಯರು, ಗೀತೆಗೆ ಅಗೌರವ ತೋರಿಲ್ಲ ಎಂದೇ ವರದಿ ಕೊಟ್ಟಿತು. ಆದರೂ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಹಾಕಿದರು. ಕೊಚ್ಚಿಯ ಹೈಕೋರ್ಟಿನಲ್ಲಿ ಅವರ ಅರ್ಜಿ ಎರಡು ಹಂತದಲ್ಲೂ ಬಿದ್ದುಹೋಯಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಆ ತೀರ್ಪನ್ನು ರದ್ದು ಮಾಡಿ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿದರು. ನಂಬಿಕೆ ಪ್ರಾಮಾಣಿಕವಾಗಿದ್ದರೆ ಸಾಕು, ಅದು ನ್ಯಾಯಾಧೀಶರಿಗೆ ಸರಿಕಾಣಬೇಕೆಂದಿಲ್ಲ ಎಂಬುದು ಆ ತೀರ್ಪಿನ ತಿರುಳು.

ಚೆರಾಯಿಯ ಯುವಕನಿಗೂ ಕಿಡಂಗೂರಿನ ಮಕ್ಕಳಿಗೂ ನಂಬಿಕೆಯಲ್ಲಿ ಅಜಗಜಾಂತರ. ಆದರೆ ಇಬ್ಬರೂ ಹೇಳಿದ್ದು ‘ಬೇಡ’ ಎಂದೇ, ಸ್ವಂತ ಬಾಯಿಂದ. ಎರಡೂ ಕಡೆ ಒಂದು ಸಭೆ ಅವರನ್ನು ಹೊರಗಿಟ್ಟಿತು.

‘ಇಲ್ಲ’ದ ಕಥೆ ಮುಂದುವರಿದದ್ದು ಅಂಕಿಗಳಲ್ಲಿ. 2018ರ ಮಾರ್ಚಿನಲ್ಲಿ ಕೇರಳದ ಶಿಕ್ಷಣ ಮಂತ್ರಿ ಸಿ. ರವೀಂದ್ರನಾಥ್ ವಿಧಾನಸಭೆಯಲ್ಲಿ ಒಂದು ಲಿಖಿತ ಉತ್ತರ ಕೊಟ್ಟರು. ಆ ಶೈಕ್ಷಣಿಕ ವರ್ಷದಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ 1,23,630 ಮಕ್ಕಳು ಜಾತಿ, ಧರ್ಮದ ಕಾಲಂ ತುಂಬದೆ ಶಾಲೆ ಸೇರಿದ್ದಾರೆ ಎಂದು. ದೇಶದ ಪತ್ರಿಕೆಗಳು ಹಿಗ್ಗಿ ಬರೆದವು. ಸಹೋದರನ್ ಅಯ್ಯಪ್ಪನ್ ಹೆಸರು ಮತ್ತೆ ಮುಖಪುಟಕ್ಕೆ ಬಂತು. ಜಾತಿ ಬರೆಸದಿರಲು ಯಾರಿಗೆ ಎಷ್ಟು ಖರ್ಚು ಎಂಬ ಲೆಕ್ಕವನ್ನು ಹಿಗ್ಗಿದವರು ಮಾಡಿದಂತಿಲ್ಲ. ನಂಬೂದಿರಿ ಮನೆಯ ಮಗುವಿನ ಕಾಲಂ ಖಾಲಿ ಬಿಟ್ಟರೆ ಅದು ಕಳೆದುಕೊಳ್ಳುವುದು ಏನೂ ಇಲ್ಲ. ಪುಲಯರ ಮಗು ಖಾಲಿ ಬಿಟ್ಟರೆ ಮೀಸಲಾತಿ, ವಿದ್ಯಾರ್ಥಿವೇತನ ಎರಡೂ ಕೈಬಿಡುತ್ತವೆ. ಪಂಚಮಿಯ ಬೆಂಚಿಗೆ ದಾರಿ ಮಾಡಿಕೊಟ್ಟದ್ದು ಜಾತಿಯ ಹೆಸರು ಹಿಡಿದೇ ಮಾಡಿದ ಹೋರಾಟ.

ಎರಡು ದಿನದಲ್ಲಿ ಆ ಅಂಕಿಯ ಗಾಳಿ ಇಳಿಯಿತು. ವರದಿಗಾರರು ಪಟ್ಟಿಯಲ್ಲಿದ್ದ ಶಾಲೆಗಳಿಗೆ ಹೋಗಿ ವಿಚಾರಿಸಿದರು. ನಮ್ಮಲ್ಲಿ ಅಂಥ ಮಕ್ಕಳೇ ಇಲ್ಲವಲ್ಲ ಎಂದು ಹಲವು ಶಾಲೆಯವರು ತಬ್ಬಿಬ್ಬಾದರು. ಧರ್ಮ ಬರೆಸಿ ಜಾತಿಯ ಕಾಲಂ ಮಾತ್ರ ಬಿಟ್ಟಿದ್ದ ಮಕ್ಕಳೂ, ಕಂಪ್ಯೂಟರಿಗೆ ವಿವರ ಏರಿಸುವಾಗ ಮೇಷ್ಟ್ರು ತುಂಬದೆ ದಾಟಿಸಿದ ಸಾಲುಗಳೂ ಒಂದೇ ಲೆಕ್ಕಕ್ಕೆ ಬಿದ್ದಿದ್ದವು. ಹೆತ್ತವರು ಬೇಕೆಂದೇ ‘ಇಲ್ಲ’ ಎಂದು ಬರೆಸಿದ ಮಕ್ಕಳೂ ಆ ರಾಶಿಯಲ್ಲಿದ್ದರು. ಯಾರು ಯಾರೆಂದು ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ತುಂಬದ ಕಾಲಂಗೆ ಅದರಲ್ಲಿ ಇದ್ದದ್ದು ಒಂದೇ ಅರ್ಥ.